ಫ್ಯಾಸಿಸಂ ಮತ್ತು ಗಡಿನಾಡಿನ ಶಾಲೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯೆಂದರೆ ಶಾಲೆ ನಡೆದು ಬಂದ ದಾರಿ, ದಾನಿಗಳ ಸ್ಮರಣೆ, ನಿವೃತ್ತ ಅಧ್ಯಾಪಕರ ಭಾವಚಿತ್ರಗಳು, ಹಳೆ ವಿದ್ಯಾರ್ಥಿಗಳ ನೆನಪುಗಳು ಇವುಗಳಿಗೆ ಮೀಸಲಾದ ಪುಟಗಳೆಂಬುದು ರೂಢಿ. ಇವುಗಳ ನಡುವೆ ಇಟಲಿ ದೇಶದ ಫ್ಯಾಸಿಸಮ್ಮಿನ ವಿಚಾರಕ್ಕೇನು ಕೆಲಸ ಎಂದು ವಾಚಕರು ಕೇಳಬಹುದು. ಆ ಶಬ್ದವನ್ನು ನಾವು ಇಂದು ತೀರ ಅಗ್ಗ ಮಾಡಿಕೊಂಡಿದ್ದೇವೆ. ಚುನಾವಣೆಯ ವೇದಿಕೆಗಳಲ್ಲಿ ಎಲ್ಲ ಪಕ್ಷದವರೂ ಎದುರು ಪಕ್ಷದವರನ್ನು ಫ್ಯಾಸಿಸ್ಟರೆಂದು ಕರೆಯುತ್ತಾರೆ. ಗೃಹಪಾಠ ಕಡ್ಡಾಯಮಾಡಿದ ಮುಖ್ಯೋಪಾಧ್ಯಾಯರೂ ಕೆಲವೊಮ್ಮೆ ಈ ಬಿರುದಿಗೆ ಪಾತ್ರರಾಗುವುದುಂಟು. ಬೈಗುಳವಾಗಿ ಸವೆದ ಶಬ್ದ ಅಪಾಯದ ಸೂಚನೆ ಕೊಡಬೇಕಾದ ಹೊತ್ತಿಗೆ ಕೆಲಸಕ್ಕೆ ಬಾರದೆ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಫ್ಯಾಸಿಸಮ್ಮಿನ ಚರಿತ್ರೆಯಲ್ಲಿ ನಮ್ಮಂಥ ಒಂದು ಗಡಿನಾಡೂ ನಮ್ಮಂಥ ಭಾಷಾ ಅಲ್ಪಸಂಖ್ಯಾತರೂ ನಮ್ಮದರಂಥ ಶಾಲೆಗಳೂ ಇವೆ. ಆ ಕಥೆ ಕಾಸರಗೋಡಿನ ಕನ್ನಡಿಗರಿಗೆ ತಿಳಿದಿರುವುದು ಒಳ್ಳೆಯದು.

'ಫ್ಯಾಶೊ' ಎಂದರೆ ಇಟಾಲಿಯನ್ ಭಾಷೆಯಲ್ಲಿ ಕಟ್ಟು, ಹೊರೆ. ಪ್ರಾಚೀನ ರೋಮಿನಲ್ಲಿ ಅಧಿಕಾರಿಗಳ ಮುಂದೆ ಸೇವಕರು ಕೋಲುಗಳ ಕಟ್ಟೊಂದನ್ನು ಹಿಡಿದು ನಡೆಯುತ್ತಿದ್ದರು. 1919ರ ಮಾರ್ಚ್ ತಿಂಗಳಲ್ಲಿ ಮಿಲಾನ್ ನಗರದಲ್ಲಿ ಮುಸ್ಸೊಲಿನಿ ಕಟ್ಟಿದ ಸಂಘಟನೆಯ ಹೆಸರು ಈ ಶಬ್ದದಿಂದ ಬಂದದ್ದು. ಮುಂದೆ ಆ ರೋಮನ್ ಕಟ್ಟೇ ಅದರ ಲಾಂಛನವಾಯಿತು. ಮುದುಕನೊಬ್ಬ ತನ್ನ ಮಕ್ಕಳಿಗೆ ಕಡ್ಡಿಗಳ ಕಟ್ಟನ್ನು ಮುರಿಯಲು ಹೇಳಿದ ಕಥೆಯನ್ನು ನಾವೆಲ್ಲರೂ ಕೆಳಗಿನ ತರಗತಿಗಳಲ್ಲಿ ಓದಿದವರೇ. ಒಗ್ಗಟ್ಟಿನಲ್ಲಿ ಬಲವಿದೆಯೆಂಬ ಆ ಪಾಠಕ್ಕೆ ಯಾರ ಆಕ್ಷೇಪವೂ ಇರಲಾರದು. ಆದರೆ ರೋಮನರ ಕಟ್ಟಿನೊಳಗೆ ಒಂದು ಕೊಡಲಿಯೂ ಇರುತ್ತಿತ್ತೆಂಬುದನ್ನು ಮರೆಯಬಾರದು.

ಇಟಲಿಯ ಉತ್ತರದ ಅಂಚಿನಲ್ಲಿ, ಆಲ್ಪ್ಸ್ ಪರ್ವತಗಳ ಕಣಿವೆಗಳಲ್ಲಿ ದಕ್ಷಿಣ ತಿರೋಲ್ ಎಂಬ ಸೀಮೆಯಿದೆ. ಮೊದಲನೆಯ ಮಹಾಯುದ್ಧದ ತನಕ ಅದು ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿತ್ತು. ಅಲ್ಲಿನ ಜನರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಯ ಮನೆಮಾತು ಜರ್ಮನ್. ಕೆಲವು ಕಣಿವೆಗಳಲ್ಲಿ ಲಾದಿನ್ ಎಂಬ ಚಿಕ್ಕ ಭಾಷೆ. 1919ರ ಒಪ್ಪಂದದಂತೆ ಆ ನಾಡು ಇಟಲಿಯ ಪಾಲಾಯಿತು. ಜನರು ಊರು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ, ಗಡಿಯೇ ಅವರ ತಲೆಯ ಮೇಲಿನಿಂದ ದಾಟಿಹೋಗಿತ್ತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ ಕಾಸರಗೋಡಿನವರಿಗೆ ಈ ಅನುಭವವನ್ನು ವಿವರಿಸಿ ಹೇಳಬೇಕಾಗಿಲ್ಲ. ನಮ್ಮದು ಒಂದೇ ದೇಶದೊಳಗಿನ ರಾಜ್ಯದ ಗಡಿ, ಅವರದು ಎರಡು ದೇಶಗಳ ನಡುವಣ ಗಡಿ ಎಂಬ ವ್ಯತ್ಯಾಸ ಸಣ್ಣದಲ್ಲ. ಹೋಲಿಕೆಯನ್ನು ಅದರ ಮಿತಿಯಲ್ಲಿಯೇ ಇಟ್ಟುಕೊಳ್ಳೋಣ.

1921ರ ಏಪ್ರಿಲ್ 24ರಂದು ಬೋಲ್ಜಾನೊ ಪಟ್ಟಣದಲ್ಲಿ ಜನರು ತಮ್ಮ ಸಾಂಪ್ರದಾಯಿಕ ಉಡುಪು ಧರಿಸಿ ವಾದ್ಯಗಳೊಂದಿಗೆ ಮೆರವಣಿಗೆ ನಡೆಸುತ್ತಿದ್ದಾಗ ಹೊರಗಿನಿಂದ ಬಂದ ಫ್ಯಾಸಿಸ್ಟರ ಗುಂಪು ಅವರ ಮೇಲೆ ಬಿದ್ದಿತು. ಮಾರ್ಲಿಂಗ್ ಎಂಬ ಹಳ್ಳಿಯ ಅಧ್ಯಾಪಕ ಫ್ರಾಂಜ್ ಇನ್ನರ್‌ಹೋಫರ್ ತಮ್ಮೊಬ್ಬ ವಿದ್ಯಾರ್ಥಿಯನ್ನು ರಕ್ಷಿಸಲು ಹೋಗಿ ಗುಂಡಿಗೆ ಬಲಿಯಾದರು. ಆಗ ಮುಸ್ಸೊಲಿನಿ ಅಧಿಕಾರದಲ್ಲಿರಲಿಲ್ಲ. ಅಧಿಕಾರದಲ್ಲಿದ್ದದ್ದು ಕಾನೂನನ್ನು ನಂಬಿದ್ದೇವೆಂದು ಹೇಳಿಕೊಳ್ಳುತ್ತಿದ್ದ ಉದಾರವಾದಿಗಳ ಸರಕಾರ. ಕೊಲೆಗೆ ತಕ್ಕ ಶಿಕ್ಷೆ ಯಾರಿಗೂ ಆಗಲಿಲ್ಲ.

ಮುಂದಿನ ವರ್ಷದ ಅಕ್ಟೋಬರ್ ಮೊದಲ ವಾರದ ಘಟನೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಫ್ಯಾಸಿಸ್ಟ್ ದಳಗಳು ಅದೇ ಬೋಲ್ಜಾನೊಗೆ ನುಗ್ಗಿ ಮೊದಲು ವಶಪಡಿಸಿಕೊಂಡದ್ದು ಸೇನೆಯ ಠಾಣೆಯನ್ನಲ್ಲ, ಖಜಾನೆಯನ್ನಲ್ಲ. ಎಲಿಸಬೆತ್ ಹೆಸರಿನ ಜರ್ಮನ್ ಶಾಲೆಯನ್ನು. ಆಮೇಲೆ ಪುರಭವನಕ್ಕೆ ಹೋಗಿ, ಜನರು ಆರಿಸಿದ್ದ ಮೇಯರ್ ಪೆರಾಥೋನರ್ ಅವರನ್ನು ಇಳಿಸಿದರು. ರೋಮಿನ ಸರಕಾರ ಸುಮ್ಮನೆ ನೋಡುತ್ತ ಕುಳಿತಿತು. ದೂರದ ಮೂಲೆಯ, ಪರಭಾಷೆಯ ಜನ. ಅವರಿಗಾಗಿ ಯಾರು ತಲೆಕೆಡಿಸಿಕೊಳ್ಳುತ್ತಾರೆ? ನಾಲ್ಕು ವಾರ ಕಳೆಯುವಷ್ಟರಲ್ಲಿ ಅದೇ ದಳಗಳು ರೋಮಿನತ್ತ ಹೊರಟವು. ಗಡಿನಾಡಿನ ಒಂದು ಶಾಲೆಯ ಬಾಗಿಲಲ್ಲಿ ಕಾನೂನು ಕೈಚೆಲ್ಲಿದರೆ ರಾಜಧಾನಿಯ ಬಾಗಿಲಿಗೂ ಅಗಳಿಯಿರುವುದಿಲ್ಲವೆಂಬುದು ಅವರಿಗೆ ಗೊತ್ತಾಗಿಹೋಗಿತ್ತು.

ಮುಸ್ಸೊಲಿನಿ ಬಂದೂಕಿನಿಂದ ರಾಜ್ಯವನ್ನು ಗೆದ್ದನೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. 535 ಸದಸ್ಯರ ಸಂಸತ್ತಿನಲ್ಲಿ ಆತನ ಪಕ್ಷದವರು ಸುಮಾರು 35 ಮಂದಿ ಮಾತ್ರ. ತುರ್ತು ಶಾಸನ ಹೊರಡಿಸಲು ಮಂತ್ರಿಮಂಡಲ ತೀರ್ಮಾನಿಸಿದಾಗ ಅರಸ ವಿಕ್ಟರ್ ಇಮಾನ್ಯುವೆಲ್ ಸಹಿ ಹಾಕಲು ಒಪ್ಪಲಿಲ್ಲ. ಬದಲಿಗೆ ಮುಸ್ಸೊಲಿನಿಯನ್ನೇ ಕರೆದು ಪ್ರಧಾನಿಯಾಗಿಸಿದ. 1922ರ ನವೆಂಬರಿನಲ್ಲಿ ಸಂಸತ್ತು 306 ಮತಗಳಿಂದ ಆತನಲ್ಲಿ ವಿಶ್ವಾಸ ಸೂಚಿಸಿತು. ಒಳಗೆ ತಂದು ಕೂರಿಸಿದರೆ ಪಳಗುತ್ತಾನೆಂದು ಹಿರಿಯ ಉದಾರವಾದಿಗಳು ಎಣಿಸಿದ್ದರು. ಬೆನೆದೆತ್ತೊ ಕ್ರೋಚೆಯಂಥ ತತ್ತ್ವಜ್ಞಾನಿಯೂ 1924ರ ತನಕ ಹೀಗೆಯೇ ಭಾವಿಸಿ, 1925ರಲ್ಲಿ ವಿರೋಧದ ಪ್ರಣಾಳಿಕೆ ಬರೆದರು. ನಮ್ಮ ಗುರುದೇವ ರವೀಂದ್ರನಾಥ ಠಾಕೂರರೂ 1926ರಲ್ಲಿ ಮುಸ್ಸೊಲಿನಿಯ ಅತಿಥಿಯಾಗಿ ಇಟಲಿಗೆ ಹೋಗಿ ಮೊದಮೊದಲು ಮೆಚ್ಚುಗೆಯ ಮಾತಾಡಿದ್ದರು. ಗಡಿ ದಾಟಿ ರೊಮೇನ್ ರೋಲಾಂರಂಥವರಿಂದಲೂ ದೇಶಭ್ರಷ್ಟರಿಂದಲೂ ನಿಜಸ್ಥಿತಿ ತಿಳಿದ ಮೇಲೆ ಫ್ಯಾಸಿಸಮ್ಮನ್ನು ಖಂಡಿಸಿ ಪತ್ರಿಕೆಗೆ ಬರೆದರು. ವಿದ್ಯೆ ಮತ್ತು ಪ್ರತಿಭೆ ಇದ್ದ ಮಾತ್ರಕ್ಕೆ ಈ ರೋಗ ತಕ್ಷಣ ಗುರುತಿಗೆ ಸಿಗುವುದಿಲ್ಲ.

ಮುಂದಿನದು ಒಂದರ ಹಿಂದೊಂದು ಕಾನೂನಿನ ವೇಷದಲ್ಲಿಯೇ ನಡೆಯಿತು. 1923ರ ಚುನಾವಣಾ ಶಾಸನದಂತೆ ಶೇಕಡಾ 25 ಮತ ಪಡೆದು ಮೊದಲ ಸ್ಥಾನಕ್ಕೆ ಬಂದ ಪಟ್ಟಿಗೆ ಮೂರರಲ್ಲಿ ಎರಡು ಪಾಲು ಸ್ಥಾನ. 1924ರ ಚುನಾವಣೆಯ ಹಿಂಸೆಯನ್ನು ಮೇ 30ರಂದು ಸಂಸತ್ತಿನಲ್ಲಿ ಎತ್ತಿ ಹೇಳಿದ ಸಮಾಜವಾದಿ ಸದಸ್ಯ ಜಾಕೊಮೊ ಮತ್ತೆಯೊತ್ತಿ ಜೂನ್ 10ರಂದು ಅಪಹರಣಕ್ಕೊಳಗಾಗಿ ಕೊಲೆಯಾದರು. 1925ರ ಜನವರಿ 3ರಂದು ಮುಸ್ಸೊಲಿನಿ ಅದೇ ಸದನದಲ್ಲಿ ನಿಂತು ನಡೆದದ್ದಕ್ಕೆಲ್ಲ ತಾನೇ ಹೊಣೆಯೆಂದು ಸಾರಿದ. ಆತನ ಕೈಹಿಡಿದು ಕೇಳುವವರು ಯಾರೂ ಉಳಿದಿರಲಿಲ್ಲ. 1926ರಲ್ಲಿ ಇತರ ಎಲ್ಲ ಪಕ್ಷಗಳೂ ನಿಷೇಧಕ್ಕೊಳಗಾದುವು, ಊರೂರಿನ ಚುನಾಯಿತ ಮೇಯರುಗಳ ಸ್ಥಾನದಲ್ಲಿ ಸರಕಾರ ನೇಮಿಸಿದವರು ಬಂದು ಕುಳಿತರು. 1929ರ ಹೊತ್ತಿಗೆ ಮತದಾನವೆಂದರೆ ಸರಕಾರ ಕೊಟ್ಟ ಒಂದೇ ಪಟ್ಟಿಗೆ ಹೌದು ಅಥವಾ ಇಲ್ಲ ಎನ್ನುವುದಷ್ಟೇ.

ಇದೆಲ್ಲದರ ನಡುವೆ ಶಾಲೆಗಳಲ್ಲಿ ಏನಾಯಿತು? ಶಿಕ್ಷಣ ಮಂತ್ರಿಯಾಗಿದ್ದ ಜೊವಾನ್ನಿ ಜೆಂತಿಲೆ ಯುರೋಪಿನಲ್ಲಿ ಹೆಸರಾಂತ ದಾರ್ಶನಿಕ. ಆತನ 1923ರ ಶಾಸನದಂತೆ ದಕ್ಷಿಣ ತಿರೋಲಿನ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಆರಂಭಿಸಿ ವರ್ಷಕ್ಕೊಂದು ತರಗತಿಯಂತೆ ಜರ್ಮನ್ ಮಾಧ್ಯಮ ಅಳಿಯುತ್ತ ಬಂದಿತು. ಈ ಉಪಾಯದ ಜಾಣ್ಮೆಯನ್ನು ಗಮನಿಸಬೇಕು. ಒಂದೇ ದಿನದಲ್ಲಿ ಶಾಲೆ ಮುಚ್ಚಿದರೆ ಊರೆಲ್ಲ ಎದ್ದುನಿಲ್ಲುತ್ತದೆ. ಮೇಲಿನ ತರಗತಿಯ ಮಕ್ಕಳ ಹೆತ್ತವರಿಗೆ ತಮ್ಮ ಮಕ್ಕಳು ಪಾರಾದರೆಂಬ ಸಮಾಧಾನ ಕೊಟ್ಟು ಕೆಳಗಿನಿಂದ ಕೊರೆಯುತ್ತ ಬಂದರೆ ಗದ್ದಲ ಕಡಿಮೆ. ಜರ್ಮನ್ ಅಧ್ಯಾಪಕರು ಕೆಲಸ ಕಳೆದುಕೊಂಡರು ಅಥವಾ ದೂರದ ಪ್ರಾಂತಗಳಿಗೆ ವರ್ಗವಾದರು. ಮಕ್ಕಳ ಮಾತು ತಿಳಿಯದವರು ಬಂದು ಪಾಠ ಮಾಡಿದರು. ಅದೇ ವರ್ಷ ಎತ್ತೊರೆ ತೊಲೊಮೆಯ್ ಎಂಬವನು 32 ಅಂಶಗಳ ಕಾರ್ಯಕ್ರಮವೊಂದನ್ನು ಸಾರಿದ್ದ. ಊರುಗಳ ಹೆಸರು, ಬೀದಿಯ ಫಲಕ, ಪತ್ರಿಕೆ, ನ್ಯಾಯಾಲಯ ಎಲ್ಲವೂ ಇಟಾಲಿಯನ್ ಆಗಬೇಕಾಯಿತು. 1927ರಲ್ಲಿ ಹೊಸ ಗೋರಿಗಳ ಮೇಲೆ ಜರ್ಮನ್ ಬರಹ ಕೆತ್ತಿಸುವುದನ್ನೂ ನಿಲ್ಲಿಸಲಾಯಿತು. ಬದುಕಿದ್ದವರ ಬಾಯಿ ಕಟ್ಟಿದ ಮೇಲೆಯೂ ಆ ಆಡಳಿತಕ್ಕೆ ಸತ್ತವರ ಭಯವಿತ್ತೆಂದು ಕಾಣುತ್ತದೆ.

ಇಟಾಲಿಯನ್ ಮಕ್ಕಳ ಶಾಲೆಗಳೂ ಸುಖವಾಗಿರಲಿಲ್ಲವೆಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾಗುತ್ತದೆ. ಇಡೀ ದೇಶದ ಪ್ರಾಥಮಿಕ ಶಾಲೆಗಳಿಗೆ ಸರಕಾರ ಅಚ್ಚು ಹಾಕಿಸಿದ ಒಂದೇ ಪಠ್ಯಪುಸ್ತಕ ಬಂತು. ಮಕ್ಕಳಿಗೆ ಕಪ್ಪಂಗಿ ತೊಡಿಸಿ ಕವಾಯತು ಮಾಡಿಸುವ ಬಾಲಿಲ್ಲಾ ಸಂಘಟನೆ ಬಂತು. 1931ರಲ್ಲಿ ವಿಶ್ವವಿದ್ಯಾನಿಲಯಗಳ ಸುಮಾರು 1200 ಪ್ರಾಧ್ಯಾಪಕರು ಆಡಳಿತಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕೆಂದಾಗ ನಿರಾಕರಿಸಿದವರು ಹನ್ನೆರಡು ಮಂದಿಯಷ್ಟೇ. 1938ರಲ್ಲಿ ಯೆಹೂದಿ ಮಕ್ಕಳನ್ನೂ ಅಧ್ಯಾಪಕರನ್ನೂ ಶಾಲೆಗಳಿಂದ ಹೊರಹಾಕಲಾಯಿತು. ಅಲ್ಪಸಂಖ್ಯಾತರ ಶಾಲೆಗೆ ಕೈ ಹಾಕಿದವರು ಬಹುಸಂಖ್ಯಾತರ ಶಾಲೆಯನ್ನು ಹಾಗೆಯೇ ಬಿಡಲಿಲ್ಲ.

ಮಿಖಾಯೆಲ್ ಗಾಂಪರ್ ಎಂಬ ಪಾದ್ರಿ, ಹಿಂದೆ ಕ್ರೈಸ್ತರು ನೆಲದಡಿಯ ಗುಹೆಗಳಲ್ಲಿ ಕೂಡಿ ಪ್ರಾರ್ಥಿಸಿದಂತೆ ನಮ್ಮ ಮಕ್ಕಳಿಗೂ ಮರೆಯಲ್ಲಿ ಪಾಠವಾಗಲೆಂದು ಕರೆಕೊಟ್ಟರು. ಹೀಗೆ ಹುಟ್ಟಿದವೇ ಗುಹಾಶಾಲೆಗಳು. ತೋಟದ ಮನೆಯ ಅಟ್ಟ, ಕೊಟ್ಟಿಗೆ, ಅಡುಗೆಕೋಣೆ, ಎಲ್ಲಿ ಐದಾರು ಮಕ್ಕಳು ಕೂರಬಹುದೋ ಅಲ್ಲಿ ಶಾಲೆ. ಪಾಠ ಹೇಳಿದವರಲ್ಲಿ ಹೆಚ್ಚಿನವರು ಹದಿಹರೆಯ ದಾಟಿದ ಹೆಣ್ಣುಮಕ್ಕಳು. ಅಕ್ಷರಮಾಲೆಯ ಪುಸ್ತಕಗಳು ಕಳ್ಳಸಾಗಾಣಿಕೆಯ ಸರಕಿನಂತೆ ಗಡಿ ದಾಟಿ ಬರಬೇಕಿತ್ತು. ಆಂಗೆಲಾ ನಿಕೊಲೆತ್ತಿ ಎಂಬ ಅಧ್ಯಾಪಿಕೆ 1927ರಲ್ಲಿ ಸೆರೆಮನೆ ಕಂಡರು. ಕ್ಷಯರೋಗದಿಂದ 1930ರಲ್ಲಿ ತೀರಿಕೊಂಡಾಗ ಅವರಿಗೆ 25 ವರ್ಷ. ಈ ಶಾಲೆಗಳಿಗೆ ನೆರವಾದ ವಕೀಲ ಯೋಸೆಫ್ ನೋಲ್ಡಿನ್ ಅವರನ್ನು ಲಿಪಾರಿ ದ್ವೀಪಕ್ಕೆ ಗಡೀಪಾರು ಮಾಡಿದರು. ಆರೋಗ್ಯ ಕೆಟ್ಟು 1929ರಲ್ಲಿ ಅವರೂ ಅಳಿದರು. ಅವರ ಅಪರಾಧ ಮಕ್ಕಳಿಗೆ ಮನೆಮಾತಿನ ಅಕ್ಷರ ತಿದ್ದಿಸಿದ್ದು.

ಉದಾರ ಪ್ರಜಾಪ್ರಭುತ್ವವೆಂದರೆ ಬಹುಮತದ ಆಡಳಿತವೆಂದಷ್ಟೇ ನಮ್ಮ ಪೌರನೀತಿಯ ಪುಸ್ತಕಗಳನ್ನು ಓದಿದವರು ಉತ್ತರ ಬರೆಯುತ್ತಾರೆ. ಬಹುಮತ ಮುಸ್ಸೊಲಿನಿಗೂ ಇತ್ತು. ಇಲ್ಲದಾಗ ತಯಾರಿಸಿಕೊಳ್ಳುವ ಶಾಸನವೂ ಇತ್ತು. ಆತನಿಗೆ ಬೇಡವಾದದ್ದು ಬಹುಮತ ಮುಟ್ಟಲಾಗದ ಕೆಲವು ವಸ್ತುಗಳು: ಸರಕಾರದ ವಿರುದ್ಧ ತೀರ್ಪು ಕೊಟ್ಟೂ ಕುರ್ಚಿಯಲ್ಲಿ ಉಳಿಯುವ ನ್ಯಾಯಾಧೀಶ, ಅಚ್ಚಾದ ಮರುದಿನವೂ ತೆರೆದಿರುವ ಮುದ್ರಣಾಲಯ, ರಾಷ್ಟ್ರವೆಂಬ ಕಟ್ಟಿನೊಳಗೆ ಸೇರದೆ ತನ್ನಷ್ಟಕ್ಕೆ ತಾನಿರುವ ಒಂದು ಸಂಘ, ಒಂದು ಭಜನಾಮಂದಿರ, ಒಂದು ಶಾಲೆ. ರಾಜ್ಯದ ಹೊರಗೆ ಏನೂ ಇರಕೂಡದೆಂಬುದು ಫ್ಯಾಸಿಸಮ್ಮಿನ ಸಿದ್ಧಾಂತ. ಹತ್ತು ಮಂದಿ ಸೇರಿ ಚಂದಾ ಎತ್ತಿ ತಮ್ಮ ಮಕ್ಕಳಿಗೆ ತಮ್ಮ ಭಾಷೆಯಲ್ಲಿ ಪಾಠ ಹೇಳಿಸುವ ಸ್ವಾತಂತ್ರ್ಯವನ್ನು ಆ ಸಿದ್ಧಾಂತ ಸಹಿಸಲಾರದು.

ದಕ್ಷಿಣ ತಿರೋಲಿನ ಕಥೆಯಲ್ಲಿ ನನ್ನನ್ನು ಅತ್ಯಂತ ಕಲಕಿದ ಭಾಗ ಇದಲ್ಲ, 1939ರಲ್ಲಿ ನಡೆದದ್ದು. ಹಿಟ್ಲರ್ ಮತ್ತು ಮುಸ್ಸೊಲಿನಿ ಒಂದು ಒಪ್ಪಂದಕ್ಕೆ ಬಂದರು. ಜರ್ಮನ್ ಮಾತಾಡುವವರು ಮನೆಮಾರು ಬಿಟ್ಟು ಹಿಟ್ಲರನ ಜರ್ಮನಿಗೆ ಹೋಗಬೇಕು, ಅಥವಾ ಇಟಲಿಯಲ್ಲಿಯೇ ಉಳಿದು ಇಟಾಲಿಯನ್ನರಾಗಬೇಕು. ಡಿಸೆಂಬರ್ 31ರೊಳಗೆ ಆಯ್ಕೆ ತಿಳಿಸಬೇಕು. ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಮಂದಿ ಜರ್ಮನಿಯನ್ನು ಆರಿಸಿದರು. ಸುಮಾರು 75,000 ಜನರು ಹೊರಟೂ ಹೋದರು. ಹದಿನೇಳು ವರ್ಷ ಒಂದು ಫ್ಯಾಸಿಸಮ್ಮಿನ ಕೆಳಗೆ ನರಳಿದವರು ಅದಕ್ಕಿಂತ ಕ್ರೂರವಾದ ಇನ್ನೊಂದನ್ನು, ಅದು ತಮ್ಮ ಭಾಷೆಯಲ್ಲಿ ಮಾತಾಡಿತೆಂಬ ಕಾರಣಕ್ಕೆ, ತಮ್ಮದೆಂದು ಅಪ್ಪಿಕೊಂಡರು. ಹೋಗದೆ ಉಳಿಯುತ್ತೇವೆಂದವರನ್ನು ಅವರದೇ ನೆರೆಕರೆಯವರು ದ್ರೋಹಿಗಳೆಂದು ಹೀಯಾಳಿಸಿದರು. ಉಳಿದವರಲ್ಲಿ ಗುಹಾಶಾಲೆಗಳ ಗಾಂಪರ್ ಒಬ್ಬರು. 1943ರಲ್ಲಿ ಜರ್ಮನ್ ಸೇನೆ ಬಂದಾಗ ಅವರೇ ತಲೆಮರೆಸಿಕೊಂಡು ಓಡಬೇಕಾಯಿತು. ಬೋಲ್ಜಾನೊದ ಯೋಸೆಫ್ ಮಾಯ್ರ್-ನುಸ್ಸರ್ ಎಂಬ ಗೃಹಸ್ಥರು ಬಲವಂತದ ಸೈನ್ಯಸೇರ್ಪಡೆಯ ಸಂದರ್ಭದಲ್ಲಿ ಹಿಟ್ಲರನ ಹೆಸರಿನಲ್ಲಿ ಪ್ರಮಾಣ ಮಾಡಲಾರೆನೆಂದರು. ಡಾಖಾವ್ ಶಿಬಿರಕ್ಕೆ ಒಯ್ಯುವ ದಾರಿಯಲ್ಲಿ 1945ರ ಫೆಬ್ರವರಿಯಲ್ಲಿ ಅವರ ಪ್ರಾಣ ಹೋಯಿತು.

ಭಾಷಾಭಿಮಾನಿಗಳಾದ ನಾವು ಈ ಪುಟವನ್ನು ಮಗುಚಿ ಮುಂದೆ ಹೋಗುವಂತಿಲ್ಲ. ಅನ್ಯಾಯಕ್ಕೊಳಗಾದವನು ಅದರಿಂದಲೇ ನ್ಯಾಯವಂತನಾಗುತ್ತಾನೆಂಬ ಖಾತರಿಯಿಲ್ಲ. ಕಾಸರಗೋಡಿನಲ್ಲಿ ನಮಗೆ ಬೇಕೆಂದು ನಾವು ಕೇಳುವ ರಕ್ಷಣೆಯನ್ನು ಬೆಳಗಾವಿಯ ಮರಾಠಿ ಶಾಲೆಗೂ, ಕೋಲಾರದ ತೆಲುಗು ಮನೆಗೂ, ಮಂಗಳೂರಿನ ಬ್ಯಾರಿ ಮತ್ತು ಕೊಂಕಣಿ ಮಕ್ಕಳಿಗೂ ಕೊಡಲು ನಮ್ಮ ಮನಸ್ಸು ಹಿಂಜರಿಯುವುದಾದರೆ ನಾವು ಕೇಳುತ್ತಿರುವುದು ಹಕ್ಕನ್ನಲ್ಲ, ಸರದಿಯನ್ನು. ಗಡಿಯ ಆಚೆ ಕನ್ನಡವೇ ಬಹುಸಂಖ್ಯಾತರ ಭಾಷೆಯೆಂಬುದನ್ನು ಗಡಿಯ ಈಚೆ ಇರುವ ನಾವೇ ಅಲ್ಲಿಯವರಿಗೆ ನೆನಪು ಮಾಡಿಕೊಡಲು ಹೆಚ್ಚು ಅರ್ಹರು.

ಯುದ್ಧಾನಂತರದ ಪ್ರಜಾಪ್ರಭುತ್ವವು ದಕ್ಷಿಣ ತಿರೋಲಿಗೆ ಒಂದೇ ರಾತ್ರಿಯಲ್ಲಿ ಎಲ್ಲವನ್ನೂ ಕೊಟ್ಟಿತೆಂದು ಹೇಳಿದರೆ ಸುಳ್ಳಾಗುತ್ತದೆ. 1946ರಲ್ಲಿ ಇಟಲಿ ಮತ್ತು ಆಸ್ಟ್ರಿಯಾ ಪ್ಯಾರಿಸಿನಲ್ಲಿ ಒಪ್ಪಂದ ಮಾಡಿಕೊಂಡವು. 1948ರ ಸಂವಿಧಾನ ಭಾಷಾ ಅಲ್ಪಸಂಖ್ಯಾತರ ರಕ್ಷಣೆಯನ್ನು ಮೂಲತತ್ತ್ವಗಳಲ್ಲಿ ಸೇರಿಸಿತು. ಆದರೆ ಸ್ವಾಯತ್ತೆಯನ್ನು ಕೊಟ್ಟದ್ದು ಇಟಾಲಿಯನ್ನರೇ ಹೆಚ್ಚಾಗಿದ್ದ ದೊಡ್ಡ ಪ್ರಾಂತಕ್ಕೆ. ಕೊಟ್ಟಂತೆಯೂ ಆಯಿತು, ಕೊಡದಂತೆಯೂ ಆಯಿತು. 1957ರಲ್ಲಿ ಸಿಗ್ಮಂಡ್ಸ್‌ಕ್ರೋನ್ ಕೋಟೆಯ ಬಳಿ ಸಾವಿರಾರು ಜನ ಸೇರಿ ಪ್ರತಿಭಟಿಸಿದರು. 1961ರ ಜೂನಿನಲ್ಲಿ ಒಂದೇ ರಾತ್ರಿ ಹತ್ತಾರು ವಿದ್ಯುತ್ ಕಂಬಗಳನ್ನು ಸಿಡಿಮದ್ದಿನಿಂದ ಉರುಳಿಸಿದವರೂ ಇದ್ದರು; ಹಿಂಸೆಯಲ್ಲಿ ಜೀವಗಳೂ ಹೋದವು. ವಿಶ್ವಸಂಸ್ಥೆಯವರೆಗೆ ದೂರು ಹೋಯಿತು. ಸಮಿತಿಗಳು, ವರದಿಗಳು, ಮಾತುಕತೆಗಳು, ಮತ್ತೆ ಸಮಿತಿಗಳು. 1972ರಲ್ಲಿ ಹೊಸ ಸ್ವಾಯತ್ತ ಶಾಸನ ಜಾರಿಗೆ ಬಂತು. ವಿವಾದ ಔಪಚಾರಿಕವಾಗಿ ಮುಗಿದದ್ದು 1992ರಲ್ಲಿ. ಆ ಶಾಸನದ 19ನೆಯ ವಿಧಿಯಂತೆ ಮಗುವಿನ ಪಾಠ ಅದರ ಮಾತೃಭಾಷೆಯಲ್ಲಿ, ಆ ಭಾಷೆಯನ್ನೇ ಮಾತೃಭಾಷೆಯಾಗಿ ಉಳ್ಳ ಅಧ್ಯಾಪಕರಿಂದ ಆಗಬೇಕು. ಈ ಒಂದು ವಾಕ್ಯಕ್ಕೆ ಎಷ್ಟು ಬೆಲೆಯೆಂಬುದನ್ನು, ಕನ್ನಡ ಬಾರದ ಅಧ್ಯಾಪಕರು ಕನ್ನಡ ಮಾಧ್ಯಮದ ತರಗತಿಗಳಿಗೆ ನೇಮಕವಾಗಿ ಬಂದಾಗ ಧರಣಿ ಕುಳಿತ ನಮ್ಮ ಜಿಲ್ಲೆಯ ಹೆತ್ತವರನ್ನು ಕೇಳಬೇಕು.

ನಮ್ಮ ಶಾಲೆ ಹುಟ್ಟಿದ್ದು ತುರ್ತುಪರಿಸ್ಥಿತಿಯ ಕಾಲದಲ್ಲಿ. 1975ರ ಜೂನ್ 25ರಿಂದ 1977ರ ಮಾರ್ಚ್ ತನಕದ ಆ ಇಪ್ಪತ್ತೊಂದು ತಿಂಗಳನ್ನು ಇಟಲಿಯ ಇಪ್ಪತ್ತು ವರ್ಷಗಳೊಂದಿಗೆ ಸಮ ಮಾಡುವುದು ಸರಿಯಲ್ಲ. ಕೊನೆಗೆ ಚುನಾವಣೆ ನಡೆಯಿತು, ನಡೆಸಿದವರು ಸೋತರು, ಸೋಲನ್ನು ಒಪ್ಪಿ ಇಳಿದರು. ಆದರೂ ಬಾಗಿಲು ಎಷ್ಟು ಬೇಗ ಮುಚ್ಚಬಹುದೆಂಬುದು ಆಗ ಕಂಡಿತು. 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯದ ಐವರಲ್ಲಿ ನಾಲ್ವರು, ಬಂಧನಕ್ಕೊಳಗಾದವನಿಗೆ ನ್ಯಾಯಾಲಯವನ್ನು ಕೇಳುವ ಹಕ್ಕಿಲ್ಲವೆಂದರು. ಒಲ್ಲೆನೆಂದು ಬರೆದವರು ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಕಲ್ಲಿಕೋಟೆಯ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ರಾಜನ್ ಪೋಲೀಸರ ವಶವಾಗಿ ಮರಳಿ ಬರಲಿಲ್ಲ. ಅವನ ತಂದೆ ಈಚರ ವಾರಿಯರ್ ಹಿಂದಿ ಅಧ್ಯಾಪಕರು. ಮಗನೆಲ್ಲಿ ಎಂದು ಉಚ್ಚ ನ್ಯಾಯಾಲಯದಲ್ಲಿ ಕೇಳಲು ಅವರಿಗೆ ಸಾಧ್ಯವಾದದ್ದು 1977ರಲ್ಲಿ, ತುರ್ತುಪರಿಸ್ಥಿತಿ ತೆರವಾದ ಮೇಲೆ. ಆ ಒಂದು ಅರ್ಜಿಯ ಫಲವಾಗಿ ಕೇರಳದ ಮುಖ್ಯಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಕೋಟದ ಶಿವರಾಮ ಕಾರಂತರು ಪದ್ಮಭೂಷಣವನ್ನು ಮರಳಿಸಿದ್ದು ಆ ದಿನಗಳಲ್ಲಿಯೇ. ಆಗ ರೈಲುಗಳು ಸಮಯಕ್ಕೆ ಸರಿಯಾಗಿ ಓಡುತ್ತಿದ್ದುವೆಂದು ಇಂದಿಗೂ ಹೊಗಳುವವರಿದ್ದಾರೆ. ಮುಸ್ಸೊಲಿನಿಯ ಬಗ್ಗೆಯೂ ಇದೇ ಮಾತಿತ್ತು.

ನಮ್ಮ ಸಂವಿಧಾನದ 29 ಮತ್ತು 30ನೆಯ ವಿಧಿಗಳು ಭಾಷೆ ಉಳಿಸಿಕೊಳ್ಳುವ, ತಮ್ಮ ಆಯ್ಕೆಯ ಶಾಲೆ ನಡೆಸುವ ಹಕ್ಕನ್ನು ಕೊಟ್ಟಿವೆ. 1956ರ ಏಳನೆಯ ತಿದ್ದುಪಡಿ 350ಎ ಎಂಬ ವಿಧಿಯನ್ನು ಸೇರಿಸಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆಂದಿತು. ಗಡಿ ಎಳೆದ ವರ್ಷವೇ ಗಡಿಯ ತಪ್ಪು ಬದಿಗೆ ಉಳಿದವರ ನೆನಪೂ ಸಂಸತ್ತಿಗೆ ಬಂದಿತೆಂಬುದು ಸಣ್ಣ ಸಂಗತಿಯಲ್ಲ. 1958ರಲ್ಲಿ ಕೇರಳ ಶಿಕ್ಷಣ ಮಸೂದೆಯ ಬಗ್ಗೆ ಅಭಿಪ್ರಾಯ ಕೊಡುತ್ತ ಸರ್ವೋಚ್ಚ ನ್ಯಾಯಾಲಯ, ಅಲ್ಪಸಂಖ್ಯಾತರ ಶಾಲೆಗಳ ಹಕ್ಕನ್ನು ಸಹಾಯಧನದ ಷರತ್ತುಗಳಿಂದ ಬರಿದುಮಾಡಬಾರದೆಂದು ಹೇಳಿತು. ಮಸೂದೆ ತಂದ ಸರಕಾರಕ್ಕೆ ಬಹುಮತವಿತ್ತೆಂಬುದನ್ನು ಇಲ್ಲಿ ನೆನೆಯಬೇಕು.

"ಈ ಪ್ರಜಾಪ್ರಭುತ್ವದಿಂದ ನಮಗೇನು ಸಿಕ್ಕಿತು?" ಎಂದು ನಮ್ಮ ಹಿರಿಯರು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದೇ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದ್ದು ಕಡತದಲ್ಲಿಯೇ ಉಳಿಯಿತು. ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿಯೂ ಆ ಆಸೆ ಈಡೇರಿದ್ದನ್ನು ಕಾಣದೆ 2015ರಲ್ಲಿ ತೀರಿಕೊಂಡರು. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಶಾಸನ ಬಂದಾಗ ನಾವು ಮತ್ತೆ ಬೀದಿಗಿಳಿಯಬೇಕಾಯಿತು. ಆದರೆ ರೈಗಳು ಆ ಬೇಡಿಕೆಯನ್ನು ಬಾಳಿನುದ್ದಕ್ಕೂ ಬಹಿರಂಗ ಸಭೆಗಳಲ್ಲಿ ಹೇಳಿದರು, ಬರೆದರು, ಅಚ್ಚು ಹಾಕಿಸಿದರು. ನೋಲ್ಡಿನ್ನರ ಪಾಡು ಅವರಿಗೆ ಬರಲಿಲ್ಲ. ಕೊಡದ ಸರಕಾರಕ್ಕೂ ಕೇಳಲು ಬಿಡದ ಸರಕಾರಕ್ಕೂ ಇರುವ ಅಂತರ, ಕೇಳಿ ಕೇಳಿ ದಣಿದವನಿಗೆ ಕೂದಲೆಳೆಯಷ್ಟೆಂದು ಕಂಡೀತು. ಕೊಟ್ಟಿಗೆಯಲ್ಲಿ ಕುಳಿತು ಅಕ್ಷರ ಕಲಿತ ಮಗುವಿಗೆ ಹಾಗೆ ಕಾಣಲಾರದು.

ಈ ದೃಷ್ಟಿಯಿಂದ ಹಳೆ ವಿದ್ಯಾರ್ಥಿ ಸಂಘದವರಲ್ಲಿ ನನ್ನದೊಂದು ಸಲಹೆಯಿದೆ. ರಂಗಮಂಟಪಕ್ಕೂ ಕಂಪ್ಯೂಟರ್ ಕೊಠಡಿಗೂ ಧನಸಂಗ್ರಹ ನಡೆಯುತ್ತಿರುವುದು ಸಂತೋಷ. ಜೊತೆಗೆ, ಐವತ್ತು ವರ್ಷಗಳಲ್ಲಿ ಈ ಶಾಲೆಯ ಪರವಾಗಿ ಸರಕಾರಕ್ಕೆ, ವಿದ್ಯಾಧಿಕಾರಿಗಳಿಗೆ, ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಬರೆದ ಮನವಿಗಳು, ಬಂದ ಉತ್ತರಗಳು, ಬಾರದ ಉತ್ತರಗಳಿಗೆ ಬರೆದ ಜ್ಞಾಪನಾಪತ್ರಗಳು ಇವೆಲ್ಲವನ್ನೂ ಒಂದೆಡೆ ಕೂಡಿಸಿ ಕ್ರಮವಾಗಿ ಜೋಡಿಸಿ ಇಡುವ ಕೆಲಸ ಆಗಬೇಕು. ಕನ್ನಡ ಪಠ್ಯಪುಸ್ತಕ ತಡವಾಗಿ ಬಂದುದಕ್ಕೆ, ಅಧ್ಯಾಪಕರ ಹುದ್ದೆ ಖಾಲಿ ಉಳಿದುದಕ್ಕೆ, ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಇಲ್ಲದೆಹೋದುದಕ್ಕೆ ಬರೆದ ಕಾಗದಗಳು ಈಗ ಕೆಲವು ಶಾಲೆಯ ಕಪಾಟಿನಲ್ಲಿಯೂ ಕೆಲವು ತೀರಿಹೋದ ಹಿರಿಯರ ಮನೆಯ ಪೆಟ್ಟಿಗೆಗಳಲ್ಲಿಯೂ ಇರಬೇಕು. ಒಂಬತ್ತು, ಹತ್ತನೆಯ ತರಗತಿಯ ಮಕ್ಕಳಿಗೆ ಪೌರನೀತಿಯ ಪಾಠ ಮಾಡುವಾಗ ಅಧ್ಯಾಪಕರು ಆ ಕಡತವನ್ನು ಮೇಜಿನ ಮೇಲೆ ಬಿಚ್ಚಿಡಬಹುದು. ಮುಂದಿನ ಮಳೆಗಾಲಕ್ಕೆ ಮೊದಲು, ಗೆದ್ದಲು ಹಿಡಿಯುವ ಮುನ್ನ, ಯಾರಾದರೂ ಇಬ್ಬರು ಈ ಹೊಣೆ ಹೊತ್ತರೆ ಸಾಕು.